ಮೊಮ್ಮಗಳನ್ನು ಒಂದು ಹಿಡಿ ತವುಡಿಗೆ ಕೊಟ್ಟೆ

ನನ್ನ ಮಗಳು ರೂಪಾಳಿಗೆ ಹೆಣ್ಣು ಮಗು ಹುಟ್ಟಿತು. ಬದುಕಿದೆ! ಅಳುತ್ತದೆ, ಹಾಲು ಕುಡಿಯುತ್ತದೆ, ಕುಡಿದು ಬಿಕ್ಕಳಿಸುತ್ತದೆ, ನನ್ನ ಬೆರಳನ್ನು ಹಿಡಿದರೆ ಬಿಡುವುದಿಲ್ಲ. ಸಿಕ್ಕವರಿಗೆಲ್ಲ ಹೇಳಿಯಾಯಿತು. ಹಾಲಿನವನಿಗೆ ಹೇಳಿದೆ, ಬಾಡಿಗೆ ಮನೆಯವರಿಗೆ ಹೇಳಿದೆ, ಮೆಟ್ರೋದಲ್ಲಿ ಪಕ್ಕ ಕೂತಿದ್ದ ಯಾರೋ ಹುಡುಗಿಗೂ ಹೇಳಿದೆ. ಹೇಳಿ ಸಾಲದೆ ಈಗ ಬರೆಯಲು ಕೂತಿದ್ದೇನೆ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು. ತಪ್ಪಿದ್ದರೆ ನೀವೇ ಸರಿಮಾಡಿಕೊಂಡು ಓದಿ.

ಮಗು ಹುಟ್ಟಿದ್ದು ಜಪಾನಿನಲ್ಲಿ, ನಾನು ಬಾಣಂತನ ಮುಗಿಸಿ ಈಗ ಊರಿಗೆ ಬಂದಿದ್ದೇನೆ. ರೂಪಾ ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಯಾರಾದ ಭಾಗಗಳ ಅಳತೆ ನೋಡುವ ಕೆಲಸದಲ್ಲಿದ್ದಳು. ಅಲ್ಲಿಗೆ ಹೊಸ ಮಿಷನ್ನು ಕೂರಿಸಲು ಬಂದವನು ಕೆಂಜಿ. ಮಿಷನ್ನು ಕೂತಿತು, ಇವರಿಬ್ಬರಿಗೆ ಮದುವೆಯೂ ಆಯಿತು. ಈಗ ಅವನ ಊರಿನಲ್ಲಿದ್ದಾರೆ, ಸಮುದ್ರದ ಪಕ್ಕದ ಒಂದು ಸಣ್ಣ ಊರು. ಬಾಣಂತನಕ್ಕೆ ಮಗಳು ತವರಿಗೆ ಬರಬೇಕು. ಡಾಕ್ಟರು ಅವಳು ವಿಮಾನ ಹತ್ತಕೂಡದು ಎಂದರು. ಹಾಗಾಗಿ ತವರೇ ವಿಮಾನ ಹತ್ತಿತು.

ಹಿಂದೆ ಎರಡು ಸಲ ಅವಳ ಮಡಿಲು ತುಂಬಿದಂತೆ ಆಗಿ ಬರಿದಾಗಿತ್ತು. ಒಂದು ಕೂಸು ಉಸಿರನ್ನೇ ಆಡಲಿಲ್ಲ. ಇನ್ನೊಂದು ಹೆಸರಿಡುವಷ್ಟು ದಿನವೂ ಇರಲಿಲ್ಲ. ಆ ಎರಡು ಸಲವೂ ನಾನು ಅವಳ ಹತ್ತಿರ ಇರಲಿಲ್ಲ, ಫೋನಿನಲ್ಲಿ ಅವಳ ಅಳು ಕೇಳಿದ್ದೆ ಅಷ್ಟೇ. ಈ ಸಲ ಹೊರಟಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಒಂದೇ: ಈ ಕೂಸು ಉಳಿಯಬೇಕು, ಉಳಿಯಲು ಮಾಡಬೇಕಾದದ್ದನ್ನು ನಾನು ಮಾಡಬೇಕು.

ವಿಮಾನ ಇಳಿದ ಜಾಗ

ನನಗೆ ಬೇರೆ ಭಾಷೆಯ ಹೆದರಿಕೆ ಇಲ್ಲ. ನಮ್ಮದು ಪಟ್ಟಂದೂರು ಅಗ್ರಹಾರ. ನಮ್ಮ ರಾಗಿ ಹೊಲವಿದ್ದ ಕಡೆ ಈಗ ಗಾಜಿನ ಕಟ್ಟಡಗಳಿವೆ. ಉಳಿದ ಜಾಗದಲ್ಲಿ ರೂಮು ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದೇವೆ. ಯಾದಗಿರಿಯವರು, ಒಡಿಶಾದವರು, ಬಿಹಾರದವರು ಇದ್ದಾರೆ. ‘ನೀರು ಬಂತು, ಹಿಡ್ಕೊಳ್ಳಿ’ ಎನ್ನುವುದನ್ನು ನಾನು ನಾಲ್ಕು ಭಾಷೆಯಲ್ಲಿ ಕೂಗಬಲ್ಲೆ. ಈಚೆಗೆ ಆ ಕಷ್ಟವೂ ಇಲ್ಲ. ಒಡಿಶಾದ ಹುಡುಗಿ ಹೊಟ್ಟೆ ಹಿಡಿದುಕೊಂಡು ಬಂದು ಫೋನು ಮುಂದೆ ಹಿಡಿದರೆ, ಫೋನೇ ಕನ್ನಡದಲ್ಲಿ ಹೇಳುತ್ತದೆ: “ನನಗೆ ಬೆಳಗಿನಿಂದ ಹೊಟ್ಟೆ ನೋವಿದೆ.” ನಾನು ಜೀರಿಗೆ ಕಷಾಯ ಮಾಡಿ ಕೊಡುತ್ತೇನೆ. ಅಷ್ಟಕ್ಕೆ ಆ ಫೋನು ಸಾಕು.

ಜಪಾನಿನಲ್ಲಿ ಇಳಿದಾಗ ಚೀಲ ನೋಡುವ ಅಧಿಕಾರಿ ನನ್ನ ರಾಗಿ ಹಿಟ್ಟಿನ ಗಂಟನ್ನು ಎತ್ತಿ ಹಿಡಿದ. ಅವನೂ ಫೋನು ತೆಗೆದ. ಫೋನು ಕೇಳಿತು: “ಈ ಪುಡಿ ಯಾವುದು?”

“ರಾಗಿ,” ಎಂದೆ. “ಬಾಣಂತಿಗೆ.”

ಫೋನು ಅವನಿಗೆ ಏನೋ ಹೇಳಿತು. ಅವನು ಗಂಟಿನ ಬಾಯಿ ಬಿಚ್ಚಿ, ಮೂಸಿ, ತಲೆಬಾಗಿಸಿ ವಾಪಸ್ಸು ಕೊಟ್ಟ. ನನಗೆ ಎಂಥ ಹೆಮ್ಮೆ! ಸಮುದ್ರದ ಆಚೆಯ ಮಿಷನ್ನಿಗೆ ನಮ್ಮ ರಾಗಿ ಗೊತ್ತು. ಅಲ್ಲಿಂದ ಮುಂದೆ ಆ ಫೋನಿನ ಮೇಲೆ ನನಗೆ ಬಂದ ನಂಬಿಕೆ ಸ್ವಲ್ಪ ಹೆಚ್ಚೇ ಆಯಿತು.

ಬೀಗಿತ್ತಿಯ ಮನೆ

ಕೆಂಜಿಯ ತಾಯಿ ಫುಮಿಕೊ ನನ್ನ ವಯಸ್ಸಿನವರು, ನನ್ನ ಹಾಗೆಯೇ ಗಿಡ್ಡ. ಗಂಡ ತೀರಿಕೊಂಡಿದ್ದಾರೆ. ಬಾಗಿಲಲ್ಲಿ ಅವರು ಬಾಗಿದರು, ನಾನು ಕೈ ಮುಗಿದೆ. ಅವರು ಮತ್ತೆ ಬಾಗಿದರು, ನಾನು ಮತ್ತೆ ಮುಗಿದೆ. ಕೊನೆಗೆ ಕೆಂಜಿ ನಮ್ಮಿಬ್ಬರ ಮಧ್ಯೆ ಬಂದು ಬಾಗಿಲು ಹಾಕಿದ.

ಆ ಮನೆಯಲ್ಲಿ ಮನೆಯೊಳಗೆ ಒಂದು ಚಪ್ಪಲಿ, ಬಚ್ಚಲಿಗೆ ಇನ್ನೊಂದು. ನಾನು ಬಚ್ಚಲ ಚಪ್ಪಲಿಯಲ್ಲೇ ಅಡುಗೆ ಮನೆಗೆ ಬಂದುಬಿಟ್ಟಿದ್ದೆ. ಬೀಗಿತ್ತಿ ಏನೂ ಅನ್ನದೆ ಬೇರೆ ಜೊತೆ ತಂದು ನನ್ನ ಕಾಲ ಮುಂದೆ ಇಟ್ಟರು. ನಮ್ಮಲ್ಲಾಗಿದ್ದರೆ ಅತ್ತೆ ಊರಿಗೆಲ್ಲ ಕೇಳುವ ಹಾಗೆ ಅಂದಿರುತ್ತಿದ್ದಳು.

ರೂಪಾ ಹಗಲೆಲ್ಲ ಮಲಗಿರಬೇಕಾಗಿತ್ತು, ಕೆಂಜಿ ಕೆಲಸಕ್ಕೆ ಹೋಗುತ್ತಿದ್ದ. ಬೀಗಿತ್ತಿಯರ ಮಧ್ಯೆ ಫೋನೇ ಮಾತಾಡುತ್ತಿತ್ತು. “ಸ್ನಾನದ ನೀರು ಸಿದ್ಧವಾಗಿದೆ. ದಯವಿಟ್ಟು ಮೊದಲು ನೀವು ಹೋಗಿರಿ,” ಎನ್ನುತ್ತಿತ್ತು. ನಾನು “ಅಯ್ಯೋ ಬುಡಿ, ನಂಗೇನಾತುರ, ನೀವೇ ಮುಂಚೆ ಓಗಿ” ಎಂದರೆ ಅದು ಸುಮ್ಮನಾಗಿಬಿಡುತ್ತಿತ್ತು.

“ಅಮ್ಮಾ, ರೇಡಿಯೋದೋರ ಥರ ಮಾತಾಡು,” ಎಂದಳು ರೂಪಾ, ಮಲಗಿದಲ್ಲಿಂದಲೇ.

“ನಮ್ಮಾತು ಅದುಕ್ಕೆ ಯಾಕೆ ತಿಳಿಯಲ್ಲ?”

“ಜನ ಬರೆದಿಟ್ಟಿರೋದನ್ನೆಲ್ಲ ಓದಿ ಕಲ್ತಿರೋದಮ್ಮ ಅದು. ಇಂಗ್ಲಿಷ್‌ನೋರು, ಈ ಜಪಾನಿನೋರು, ರಾಶಿ ರಾಶಿ ಬರೆದವ್ರೆ. ಕನ್ನಡದಲ್ಲಿ ಅಷ್ಟಿಲ್ಲ. ನಮ್ಮೂರ ಮಾತಂತೂ ಯಾರು ಬರೆದ್ರು ಹೇಳು? ಆದ್ರೂ ವರ್ಷದಿಂದ ವರ್ಷಕ್ಕೆ ಎಷ್ಟೋ ಸುಧಾರ್ಸಿದೆ. ಕೆಂಜಿ ಪೀಣ್ಯಕ್ಕೆ ಬಂದಾಗ ಊಟ ಆಯ್ತಾ ಅಂತ ಕೇಳೋಕೂ ಒದ್ದಾಡ್ತಿತ್ತು.”

ಅಂದಿನಿಂದ ನಾನು ರೇಡಿಯೋದವರ ಹಾಗೆ ಮಾತಾಡತೊಡಗಿದೆ. ‘ನನಗೆ ಸ್ವಲ್ಪ ಕೊತ್ತಂಬರಿ ಬೇಕಾಗಿದೆ.’ ‘ಈ ಕಿಟಕಿಯನ್ನು ಮುಚ್ಚೋಣವೇ?’ ಎಲ್ಲವೂ ಸರಾಗ. ಅಷ್ಟು ಮಾತಿನಲ್ಲೇ ನಾನು ಅಡುಗೆ ಮಾಡಬಹುದು, ಅಂಗಡಿಗೆ ಹೋಗಬಹುದು, ಮಂಡಿ ನೋವು ಹಂಚಿಕೊಳ್ಳಬಹುದು. ಬೀಗಿತ್ತಿಗೂ ಮಂಡಿ ನೋವು. ಆ ವಿಷಯದಲ್ಲಿ ಫೋನು ಒಂದು ಸಲವೂ ತಪ್ಪಲಿಲ್ಲ.

ಆಸ್ಪತ್ರೆ

ಮಗು ಹುಟ್ಟಿದ ದಿನ ಕೆಂಜಿ ಆಸ್ಪತ್ರೆಯ ಕಾರಿಡಾರಿನಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ಅತ್ತ. ಬೀಗಿತ್ತಿ ಅಳಲಿಲ್ಲ. ಕೈಚೀಲದ ಹಿಡಿಯನ್ನು ಹಿಂಡುತ್ತಾ ಕೂತಿದ್ದರು. ಗಾಜಿನ ಆಚೆ ದಾದಿ ಮಗುವನ್ನು ಎತ್ತಿ ತೋರಿಸಿದಳು. ಕೆಂಪಗೆ, ಮುಷ್ಟಿ ಬಿಗಿಹಿಡಿದು, ಬಾಯಿ ತೆರೆದು ಅಳುತ್ತಿತ್ತು. ಗಾಜಿನಿಂದಾಗಿ ಸದ್ದು ಕೇಳಲಿಲ್ಲ. ಸದ್ದು ಕೇಳಲಿಲ್ಲವಲ್ಲ ಎಂದು ನನ್ನ ಎದೆ ಹೊಡೆದುಕೊಂಡಿತು. ದಾದಿಗೆ ಅದು ಹೇಗೆ ಗೊತ್ತಾಯಿತೋ, ಬಾಗಿಲು ಒಂದಿಷ್ಟು ಸರಿಸಿದಳು. ಆ ಅಳುವಿಗೆ ಯಾವ ಫೋನೂ ಬೇಕಾಗಲಿಲ್ಲ.

ಬಾಣಂತಿಗೆ ಅವರು ತಣ್ಣಗಿನ ಚಹಾ ಕೊಟ್ಟರು, ಹಸಿ ಎಲೆಕೋಸು ಕೊಟ್ಟರು! ತಲೆಗೆ ಬಟ್ಟೆಯಿಲ್ಲ, ಕಿವಿಗೆ ಹತ್ತಿಯಿಲ್ಲ. ನಾನು ನನ್ನ ಶಾಲನ್ನೇ ರೂಪಾಳ ತಲೆಗೆ ಕಟ್ಟಿದೆ. ದಾದಿಯ ಫೋನು ಕೇಳಿತು: “ಇವರಿಗೆ ತಲೆಗೆ ಗಾಯವಾಗಿದೆಯೇ?” ರೂಪಾ ಆ ಎರಡು ಸಲ ಬರಿಗೈಯಲ್ಲಿ ಹೊರಬಂದದ್ದೂ ಇದೇ ಬಾಗಿಲಿನಿಂದ ಎಂದು ನೆನಪಾಗಿ, ನನಗೆ ನಗು ಬರಲಿಲ್ಲ.

ಮಗು ಮನೆಗೆ ಬಂದ ದಿನ

ಅವರಲ್ಲಿ ಏಳನೆಯ ದಿನ ಹೆಸರಿಡುತ್ತಾರೆ. ಹೆಸರನ್ನು ಕುಂಚದಲ್ಲಿ ಬರೆದು ಗೋಡೆಗೆ ಹಾಕಿ ಎಲ್ಲರೂ ಕೂತು ಊಟ ಮಾಡುತ್ತಾರೆ. ಹೆಸರು ಬೀಳುವ ಮೊದಲು ನನ್ನ ಕೆಲಸ ಆಗಬೇಕಿತ್ತು.

ಏನು ಕೆಲಸ ಎಂದರೆ: ಹಿಂದಿನ ಕೂಸುಗಳು ಉಳಿಯದಿದ್ದ ಮನೆಯಲ್ಲಿ ಹೊಸ ಕೂಸನ್ನು ಮೊರದಲ್ಲಿ ಹಾಕಿ ತಿಪ್ಪೆಯ ಮೇಲೆ ಇಡುತ್ತೇವೆ. ‘ಇದು ನಮಗೆ ಬೇಡ’ ಎಂದು ಗಟ್ಟಿಯಾಗಿ ಹೇಳುತ್ತೇವೆ. ಇನ್ನೊಬ್ಬ ಹೆಂಗಸು ಬಂದು ಒಂದಿಷ್ಟು ತವುಡು ಕೊಟ್ಟು ಕೂಸನ್ನು ಕೊಂಡುಕೊಳ್ಳುತ್ತಾಳೆ. ಜವರಾಯ ಕೇಳಿಸಿಕೊಳ್ಳಲಿ ಎಂದೇ ಇದೆಲ್ಲ. ಬೇಡವಾದ ಕೂಸಿನ ಮೇಲೆ ಅವನಿಗೆ ಆಸೆ ಹುಟ್ಟುವುದಿಲ್ಲ. ನನಗಿಂತ ಮುಂಚೆ ಹುಟ್ಟಿದವರು ಯಾರೂ ಉಳಿದಿರಲಿಲ್ಲವಂತೆ. ನನ್ನನ್ನು ಹಾಗೆ ತಿಪ್ಪೆಗೆ ಹಾಕಿ, ಪಕ್ಕದ ತೆಲುಗರ ಮನೆಯ ಚಿನ್ನಕ್ಕನಿಗೆ ಕೊಟ್ಟರು. ಅದಕ್ಕೇ ನನ್ನ ಹೆಸರು ತಿಪ್ಪಮ್ಮ.

ಇದನ್ನು ನಮ್ಮಲ್ಲಿ ಯಾರೂ ಬಿಡಿಸಿ ಹೇಳುವುದಿಲ್ಲ. ‘ಇದು ಬರೀ ಆಟ’ ಎಂದು ಹೇಳಿದರೆ ಜವರಾಯನಿಗೂ ಗೊತ್ತಾಗಿಬಿಡುತ್ತದೆ. ಹೇಳುವವರೂ ಕೇಳುವವರೂ ತಿಳಿದವರೇ ಆದ್ದರಿಂದ ಹೇಳಬೇಕಾಗಿಯೂ ಇಲ್ಲ. ಈಗ ಬರೆಯಬಹುದೇ ಎಂದು ಯೋಚಿಸಿದೆ. ಮಾರಾಟ ಮುಗಿದಿದೆ, ಕೂಸು ನಮ್ಮದಲ್ಲ. ಜವರಾಯ ಓದಿದರೂ ಓದಿಕೊಳ್ಳಲಿ.

ರೂಪಾ ಮಲಗಿದ್ದಳು, ಕೆಂಜಿ ನಮ್ಮನ್ನು ಮನೆಗೆ ಬಿಟ್ಟು ಕೆಲಸಕ್ಕೆ ಹೋಗಿದ್ದ. ಊಟದ ಮೇಜಿನ ಪಕ್ಕ ಬೀಗಿತ್ತಿಯ ಮಡಿಲಲ್ಲಿ ಮಗು ನಿದ್ದೆ ಮಾಡುತ್ತಿತ್ತು. ಇದೇ ಹೊತ್ತು ಎಂದುಕೊಂಡು ಫೋನು ಎತ್ತಿಕೊಂಡೆ. ರೇಡಿಯೋದವರ ಕನ್ನಡದಲ್ಲಿ ನಿಧಾನವಾಗಿ ಹೇಳಿದೆ: “ಈ ಮಗು ನಮಗೆ ಬೇಡ. ಇದನ್ನು ತಿಪ್ಪೆಗೆ ಹಾಕುತ್ತೇನೆ. ನೀವು ಎತ್ತಿಕೊಳ್ಳಿ. ನನಗೆ ಒಂದು ಮೊರ ತವುಡು ಕೊಟ್ಟರೆ ಸಾಕು.”

ಫೋನು ಹೇಳಿತು. ಒಂದು ಪದವೂ ತಡವರಿಸಲಿಲ್ಲ.

ಬೀಗಿತ್ತಿಯ ಮುಖದ ರಕ್ತ ಇಳಿದುಹೋಯಿತು. ಮಗುವಿನ ತಲೆಯ ಮೇಲೆ ಅವರ ಕೈ ಬಂತು. ಸಣ್ಣ ದನಿಯಲ್ಲಿ ಏನೋ ಕೇಳಿದರು. ಫೋನು ನನಗೆ ಕನ್ನಡದಲ್ಲಿ ಕೇಳಿತು:

“ಇದು ಹೆಣ್ಣು ಎಂಬ ಕಾರಣಕ್ಕೆ ನೀವು ಮಗುವನ್ನು ಎಸೆಯಲು ಬಯಸುತ್ತೀರಾ?”

ನನ್ನ ಜೀವಮಾನದಲ್ಲಿ ಯಾರೂ ನನಗೆ ಅಂಥ ಮಾತು ಕೇಳಿಲ್ಲ. ಅದೂ ಅಷ್ಟು ಶುದ್ಧವಾದ ಕನ್ನಡದಲ್ಲಿ. “ಇಲ್ಲ, ಇಲ್ಲ,” ಎಂದೆ. ಮುಂದಿನದನ್ನು ಹೇಳುವ ಹಾಗಿರಲಿಲ್ಲ. ಬಿಡಿಸಿ ಹೇಳಿದರೆ ಮಗುವಿಗೆ ಕೇಡು, ಹೇಳದಿದ್ದರೆ ನಾನು ರಾಕ್ಷಸಿ. “ಬೇಡ ಅಂತಲೇ ಹೇಳಬೇಕು, ಆಗಲೇ ಒಳ್ಳೆಯದು,” ಎಂದುಬಿಟ್ಟೆ. ಫೋನು ಅದನ್ನೂ ಹೇಳಿತು. ಬೀಗಿತ್ತಿ ಎದ್ದು ಮಗುವನ್ನು ಎದೆಗೆ ಒತ್ತಿಕೊಂಡು ಒಳಗೆ ಹೋಗಿ ಬಾಗಿಲು ಸರಿಸಿಕೊಂಡರು.

ಸಂಜೆ ಒಳಗಿನಿಂದ ಅತ್ತೆ ಸೊಸೆಯ ಮಾತು ಬಹಳ ಹೊತ್ತು ಕೇಳಿಸಿತು. ಆಮೇಲೆ ರೂಪಾ ಗೋಡೆ ಹಿಡಿದುಕೊಂಡು ಹೊರಗೆ ಬಂದಳು.

“ಏನಮ್ಮಾ ಅಂದೆ ಅತ್ತೆಗೆ? ಹೆಣ್ಣು ಅಂತ ಬಿಸಾಕ್ತೀನಿ ಅಂದ್ಯಂತೆ. ಮಗೂನ ಕೆಳಗೆ ಇಡ್ತಾನೇ ಇಲ್ಲ ಅವ್ರು!”

“ಎಣ್ಣು ಗಂಡು ಅಂತ ನನ್ ಬಾಯಲ್ಲಿ ಬಂದಿದ್ರೆ ನಾಲ್ಗೆ ಬಿದ್ದೋಗ್ಲಿ ಕಣೇ. ನನ್ ಎಸರು ಯಾಕೆ ಇಂಗೈತೆ ಅಂತ ನಿಂಗೊತ್ತಿಲ್ವಾ?”

ಅವಳು ಹಾಗೇ ನೆಲದ ಮೇಲೆ ಕೂತಳು. “ಅದಾ,” ಎಂದಳು. “ನಿನ್ನ ಹೆಸರಿನ ಕತೆ ಅವ್ರಿಗೆ ಹೇಳ್ತೀನಿ. ಆದ್ರೆ ಅದನ್ನ ಮಾಡೋದು ಬೇಡಮ್ಮ.”

“ನಂಬ್ಕೆ ಇಲ್ವಾ?”

“ನಂಬ್ಕೆ ಮಾತಲ್ಲ. ಎರಡು ಸಲ ಬರಿಗೈಲಿ ಬಂದೋಳು ನಾನು. ಈ ಮಗೂನ ಬೇಡ ಅನ್ನೋಕೆ ನಂಗೆ ಬಾಯಿ ಬರಲ್ಲ. ಸುಳ್ಳಿಗೂ ಬರಲ್ಲ. ಕೆಂಜಿಗೂ ಬರಲ್ಲ.”

ಆ ದಿನ ಮಗುವನ್ನು ನನ್ನ ಕೈಗೆ ಯಾರೂ ಕೊಡಲಿಲ್ಲ. ನಮ್ಮ ಯಜಮಾನರಿಗೆ ಫೋನು ಮಾಡಿದೆ. ಅವರು ಬಾಡಿಗೆ ರೂಮುಗಳನ್ನು ನೋಡಿಕೊಂಡು ಅಗ್ರಹಾರದಲ್ಲೇ ಉಳಿದಿದ್ದರು. ಎಲ್ಲ ಕೇಳಿ, “ಬೀಗಿತ್ತೀರ ಜಗಳಕ್ಕೆ ಮಾತೇ ಬೇಕಿರ್ಲಿಲ್ಲ, ನೀನು ಮಿಷನ್ ಇಟ್ಕೊಂಡು ಜಗಳ ಆಡಿದ್ಯಲ್ಲೇ,” ಎಂದರು. ನಗಿಸಲು ನೋಡಿದರು. ಅವರ ದನಿಯಲ್ಲೂ ನಗುವಿರಲಿಲ್ಲ.

ತವುಡಿನ ಜಾಡಿ

ಮರುದಿನ ಬೆಳಿಗ್ಗೆ ಬೀಗಿತ್ತಿ ಅಡುಗೆ ಮನೆಯಿಂದ ಕೈ ಬೀಸಿ ಕರೆದರು. ನೆಲದ ಮೇಲೆ ಮುಚ್ಚಳದ ಜಾಡಿಯೊಂದಿತ್ತು. ಅವರು ತೋಳು ಮಡಿಸಿ, ಮೊಣಕೈವರೆಗೂ ಒಳಗೆ ಇಳಿಸಿ, ತಳದಿಂದ ಮೇಲಕ್ಕೆ ಕಲಸಿದರು. ಒಂದು ಸೌತೆಕಾಯಿ ಬಂತು, ಒಂದು ಬದನೆಕಾಯಿ ಬಂತು. ಹುಳಿ ವಾಸನೆ. ನಾನು ಒಂದು ಚಿಟಿಕೆ ತೆಗೆದು ಬೆರಳಲ್ಲಿ ತಿಕ್ಕಿ ನೋಡಿದೆ.

ತವುಡು! ಉಪ್ಪು ಹಾಕಿ ಹುಳಿ ಬರಿಸಿದ ಅಕ್ಕಿ ತವುಡು. ನಮ್ಮಲ್ಲಿ ಹಸುವಿಗೆ ಕಲಸಿಡುವುದನ್ನು ಇವರು ಉಪ್ಪಿನಕಾಯಿಗೆ ಇಟ್ಟಿದ್ದಾರೆ, ದಿನಾ ಕೈಯಾಡಿಸಿ ಸಾಕುತ್ತಾರೆ.

ಅವರು ಕೈ ತೊಳೆದು, ಒರೆಸಿ, ಫೋನು ತೆಗೆದುಕೊಂಡರು. ನಿಧಾನವಾಗಿ, ಬಹಳ ಹೊತ್ತು ಅದಕ್ಕೆ ಹೇಳಿದರು. ಫೋನು ನನಗೆ ಹೇಳಿತು:

“ನನ್ನ ತಂದೆ ಶಿಶುವಾಗಿದ್ದಾಗ ಅವರ ತಾಯಿ ಅವರನ್ನು ಸೇತುವೆಯ ಬಳಿ ಎಸೆದರು. ನೆರೆಮನೆಯ ಮಹಿಳೆ ಎತ್ತಿಕೊಂಡರು. ನನ್ನ ತಂದೆ ಬಹಳ ಮುದುಕರಾಗುವವರೆಗೆ ಬದುಕಿದರು.”

ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತು ಆ ತಾಯಿಯನ್ನು ಮನಸ್ಸಿನಲ್ಲೇ ಶಪಿಸಿದೆ. ಎಂಥ ಹೆಂಗಸು, ಹೆತ್ತ ಕೂಸನ್ನು ಸೇತುವೆ ಹತ್ತಿರ ಬಿಟ್ಟು ಬರುವವಳು! ಆಮೇಲೆ ಬೀಗಿತ್ತಿಯ ಮುಖ ನೋಡಿದೆ. ಅವರು ನನ್ನನ್ನೇ ನೋಡುತ್ತಾ ಕಾಯುತ್ತಿದ್ದರು.

ಹಿಂದೆ ನಿಂತಿದ್ದ ರೂಪಾ ಹೇಳಿದಳು: “ಮನೆಗೆ ಕೆಟ್ಟ ವರ್ಷ ಇತ್ತಂತೆ ಅದು. ಮಗೂಗೆ ಕೇಡು ತಟ್ಟದಿರ್ಲಿ ಅಂತ, ಪಕ್ಕದ ಮನೆಯೋಳಿಗೆ ಮುಂಚೆನೇ ಹೇಳಿಟ್ಟು ಹಾಕಿ ಬಂದಿದ್ರಂತೆ. ಈಗ ಯಾರೂ ಮಾಡಲ್ಲ, ಅತ್ತೆನೂ ಮರ್ತೇಬಿಟ್ಟಿದ್ರು. ನಿನ್ನ ಕತೆ ಕೇಳಿದ ಮೇಲೆ ನೆನಪಾಯ್ತಂತೆ. ಬೆಳಗಿನ ಜಾವದಿಂದ ಎದ್ದು ಕೂತವ್ರೆ.”

ಆ ದಿನವೆಲ್ಲ ನಾನು ಯೋಚನೆ ಮಾಡಿದೆ. ನನ್ನ ಮಾತನ್ನು ಫೋನು ತಪ್ಪಾಗಿ ಹೇಳಿರಲಿಲ್ಲ. ಬೀಗಿತ್ತಿಯ ಮಾತನ್ನೂ ತಪ್ಪಾಗಿ ಹೇಳಲಿಲ್ಲ. ಎರಡು ಸಲವೂ ಪದಕ್ಕೆ ಪದ ಸರಿಯಾಗಿತ್ತು, ಎರಡು ಸಲವೂ ಕೇಳಿದವರು ನಡುಗಿದೆವು. ನೀರು, ಬಿಸಿನೀರು, ಹೊಟ್ಟೆನೋವು, ಮಂಡಿನೋವು ಇವೆಲ್ಲ ಎಲ್ಲ ಊರಲ್ಲೂ ಒಂದೇ, ಅಲ್ಲಿ ಅದು ಸೋಲುವುದಿಲ್ಲ. ಒಂದು ಊರಿನವರು ಸೇರಿ ಬಾಯಲ್ಲಿ ಒಂದು ಆಡಿ ಮನಸ್ಸಿನಲ್ಲಿ ಇನ್ನೊಂದು ಇಟ್ಟುಕೊಂಡಿರುತ್ತಾರಲ್ಲ, ಅದನ್ನು ಯಾರೂ ಬರೆದಿಟ್ಟಿರುವುದಿಲ್ಲ. ಬರೆಯದೆ ಇದ್ದದ್ದನ್ನು ಅದು ಎಲ್ಲಿಂದ ಓದೀತು? ಮುಂದೊಂದು ದಿನ ಕಲಿಯಬಹುದು ಎನ್ನುತ್ತಾಳೆ ರೂಪಾ. ಕಲಿಯಬೇಕಾದರೆ ನಮ್ಮಂಥವರೂ ಬರೆಯಬೇಕು. ನಾನು ಇದನ್ನು ಬರೆಯುತ್ತಿರುವುದಕ್ಕೆ ಅದೂ ಒಂದು ಕಾರಣ.

ಮಧ್ಯಾಹ್ನ ರೂಪಾ ಹೇಳಿದಳು: “ಇಬ್ರೂ ಏನಾದ್ರೂ ಮಾಡ್ಕೊಳ್ಳಿ. ಬೇಡ ಅನ್ನೋ ಮಾತು ಮಾತ್ರ ನಾನಾಡಲ್ಲ.”

“ನೀನಾಡ್ಬೇಡ, ತವರೋಳು ನಾನಾಡ್ತೀನಿ. ಆದ್ರೆ ಈ ಊರ ಜವರಾಯ ಈ ಊರ ಭಾಷೆಯೋನಲ್ವಾ? ನನ್ ಕನ್ನಡ ಅವ್ನಿಗೆ ಎಂಗೆ ತಿಳಿದಾತು?”

“ಅತ್ತೆ ಹೇಳ್ಲಿ.”

“ಕೊಳ್ಳೋಳು ಬೇಡ ಅಂತಾಳಾ? ಫೋನು ಏಳ್ಲಿ.”

“ಫೋನಾ!” ರೂಪಾ ನಕ್ಕಳು. ನಾನು ಬಂದ ಮೇಲೆ ಅವಳು ಅಷ್ಟು ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು.

“ಊ ಕಣೇ. ನಮ್ಗೆ ಬಾಯಿ ಬರಲ್ಲ, ಎದೆ ಐತೆ. ಅದುಕ್ಕೆಲ್ಲೈತೆ ಎದೆ? ಅದು ಏಳ್ಲಿ ಸುಳ್ಳ.”

ಏಳನೆಯ ದಿನ

ಆ ಊರಿನಲ್ಲಿ ತಿಪ್ಪೆಯಿಲ್ಲ. ಬೀದಿ ಕೊನೆಯಲ್ಲಿ ಕಸ ಇಡುವ ಜಾಗವಿದೆ, ನಮ್ಮ ದೇವರ ಮನೆಯಷ್ಟು ಚೊಕ್ಕಟ. ಕೆಂಜಿ ಗಂಭೀರವಾಗಿ, “ಇವತ್ತು ಪ್ಲಾಸ್ಟಿಕ್ ದಿನ, ಬೇರೆ ಇಟ್ಟರೆ ಅಕ್ಕಪಕ್ಕದವರು ಬೈತಾರೆ,” ಎಂದನಂತೆ. ಹಾಗಾಗಿ ಮನೆಯ ಗೇಟಿನ ಪಕ್ಕದ ಕಲ್ಲೇ ತಿಪ್ಪೆಯಾಯಿತು. ಮೊರವೂ ಇರಲಿಲ್ಲ. ಬೀಗಿತ್ತಿ ಹುಳಿ ಹಣ್ಣು ಒಣಗಿಸುವ ಬಿದಿರಿನ ತಟ್ಟೆ ತಂದರು. ಅದರಲ್ಲಿ ನನ್ನ ಹಳೆಯ ಸೀರೆಯ ತುಂಡು ಹಾಸಿ ಮಗುವನ್ನು ಮಲಗಿಸಿದೆ. ಸೂರ್ಯ ಇಳಿಯುತ್ತಿದ್ದ. ಮಗು ಕಣ್ಣು ಬಿಟ್ಟುಕೊಂಡೇ ಇತ್ತು.

ನಾನು ಫೋನಿಗೆ ಹೇಳಿದೆ: “ಈ ಮಗು ನಮಗೆ ಬೇಡ. ಯಾರಾದರೂ ತೆಗೆದುಕೊಂಡು ಹೋಗಿ.” ಹೇಳುವಾಗ ನನ್ನ ದನಿ ಒಡೆಯಿತು. ಬಾಗಿಲಲ್ಲಿ ನಿಂತಿದ್ದ ರೂಪಾ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದಳು. ಫೋನು ಮಾತ್ರ, ಸ್ನಾನದ ನೀರು ಸಿದ್ಧವಾಗಿದೆ ಎಂದು ಹೇಳಿದ ಅದೇ ದನಿಯಲ್ಲಿ, ಬೀದಿಗೆಲ್ಲ ಕೇಳುವ ಹಾಗೆ ಆ ಊರ ಭಾಷೆಯಲ್ಲಿ ಹೇಳಿತು. ಒಂದಿಷ್ಟೂ ನಡುಗಲಿಲ್ಲ. ನಾಯಿ ಹಿಡಿದು ಹೋಗುತ್ತಿದ್ದ ಮುದುಕಿಯೊಬ್ಬಳು ಗಕ್ಕನೆ ನಿಂತಳು. ಕೆಂಜಿ ಓಡಿಹೋಗಿ ಅವಳ ಮುಂದೆ ಬಾಗಿದ, ಮತ್ತೆ ಬಾಗಿದ, ಅವಳು ಮುಂದೆ ಹೋಗುವವರೆಗೂ ಬಾಗುತ್ತಲೇ ಇದ್ದ.

ಬೀಗಿತ್ತಿ ಬೀದಿಯ ಆ ತುದಿಯಿಂದ ದಾರಿಹೋಕರ ಹಾಗೆ ನಡೆದು ಬಂದರು. ಕಲ್ಲಿನ ಹತ್ತಿರ ನಿಂತರು. ಕೈಯಲ್ಲಿದ್ದ ಪೊಟ್ಟಣ ಬಿಚ್ಚಿ, ಉಪ್ಪು ಹಾಕದ ಒಣ ತವುಡನ್ನು ಒಂದು ಹಿಡಿ ನನ್ನ ಸೆರಗಿಗೆ ಹಾಕಿದರು. ಆಮೇಲೆ ಮಗುವನ್ನು ಎತ್ತಿಕೊಂಡರು. ಆಸ್ಪತ್ರೆಯಲ್ಲಿ ಅಳದಿದ್ದವರು ಆಗ ಅತ್ತರು.

ಈ ಮಿಷನ್ನು ಇನ್ನೂ ಬೆಳೆಯುತ್ತದೆ ಎನ್ನುತ್ತಾರೆ. ನನ್ನ ಊರ ಮಾತನ್ನೂ ತಿಳಿದುಕೊಳ್ಳುತ್ತದಂತೆ, ಹೇಳದೆ ಬಿಟ್ಟಿದ್ದನ್ನೂ ತಿಳಿದುಕೊಳ್ಳುತ್ತದಂತೆ. ತಿಳಿಯಲಿ, ಒಳ್ಳೆಯದೇ. ಎಷ್ಟೋ ಬೀಗಿತ್ತಿಯರು ಒಂದು ದಿನದ ನೋವು ತಪ್ಪಿಸಿಕೊಂಡಾರು. ಆದರೆ ಎಲ್ಲ ತಿಳಿದ ಮೇಲೆ, ನಾವು ಆಡಲಾರದ ಮಾತನ್ನು ನಮಗಾಗಿ ಆಡು ಎಂದರೆ ಅದೂ ಬಾಯಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿದರೆ ಏನು ಮಾಡುವುದು?

ಆ ಸಂಜೆ ಹೆಸರು ಗೋಡೆಗೆ ಬಂತು. ಎಲ್ಲರೂ ಊಟಕ್ಕೆ ಕೂತೆವು. ಅವರದು ಕೆಂಪು ಕಾಳು ಹಾಕಿದ ಅನ್ನ, ತಲೆ ಸಮೇತ ಸುಟ್ಟ ಮೀನು, ಜಾಡಿಯ ಸೌತೆಕಾಯಿ. ನನ್ನದು ರಾಗಿ ಮುದ್ದೆ, ಸೊಪ್ಪಿನ ಸಾರು. ಕೆಂಜಿ ಪೀಣ್ಯದ ಮೆಸ್ಸಿನಲ್ಲಿ ಕಲಿತವನು, ಮುರಿದು ಅದ್ದಿ ನುಂಗಿದ. ಬೀಗಿತ್ತಿ ಅಗಿಯತೊಡಗಿದರು. “ಅಗೀಬಾರ್ದು, ನುಂಗ್ಬೇಕು!” ಎಂದು ನಾನೂ ರೂಪಾಳೂ ಒಟ್ಟಿಗೆ ಕೂಗಿದೆವು. ಅವರು ಹೆದರಿ ನುಂಗಿಬಿಟ್ಟರು. ಮೇಜಿನ ಮೇಲೆ ನೀರಿನ ಬಾಟಲಿಗೆ ಒರಗಿಸಿಟ್ಟ ಫೋನಿನಲ್ಲಿ ನಮ್ಮ ಯಜಮಾನರಿದ್ದರು. ಅಗ್ರಹಾರದಲ್ಲಿ ಇನ್ನೂ ಬಿಸಿಲು, ಅವರೂ ತಟ್ಟೆ ಇಟ್ಟುಕೊಂಡೇ ಕೂತಿದ್ದರು.

“ಏನ್ರವ್ವಾ, ಮೊಮ್ಮಗಳ್ನ ಮಾರ್ಬುಟ್ರಂತೆ? ನನ್ನೊಂದ್ ಮಾತ್ ಕೇಳ್ಬಾರ್ದಾ?”

“ತವುಡು ತಂದ್ಕೊಡ್ತೀನಿ, ಸುಮ್ನೆ ಉಣ್ಣಿ,” ಎಂದೆ.

ಅಷ್ಟರಲ್ಲಿ ಬೀಗಿತ್ತಿಯ ಪಕ್ಕದಲ್ಲಿ ಮಲಗಿದ್ದ ಮಗು ಎದ್ದು ಅತ್ತಿತು. ರೂಪಾ ಅರ್ಧ ಎದ್ದವಳು ಮತ್ತೆ ಕೂತಳು. ಅತ್ತೆಯ ಕಡೆ ತಿರುಗಿ, ತಲೆ ತಗ್ಗಿಸಿ, ಅವರ ಭಾಷೆಯಲ್ಲಿ ಏನೋ ಕೇಳಿದಳು. ಕೆಂಜಿಯ ಕೈಯ ತುತ್ತು ಅಲ್ಲೇ ನಿಂತಿತು.

“ಏನ್ ಕೇಳ್ದೆ?” ಎಂದೆ.

“ನಿಮ್ಮ ಮಗು ಅಳ್ತ ಇದೆ ಅತ್ತೆ, ನಾನು ಹಾಲು ಕೊಡ್ಲಾ, ಅಂದೆ.”

ಬೀಗಿತ್ತಿ ಮುಖ ಬಿಗಿಮಾಡಿಕೊಂಡು ಸ್ವಲ್ಪ ಯೋಚಿಸಿದರು. ಆಮೇಲೆ ಆಗಲಿ ಎನ್ನುವಂತೆ ತಲೆಯಾಡಿಸಿ, ಮಗುವನ್ನು ಎತ್ತಿ ಅವಳ ಮಡಿಲಿಗೆ ಕೊಟ್ಟರು. ಅವಳ ಎರಡು ಕೈಯೂ ಮಗುವಿಗೆ ಬೇಕಾಗಿತ್ತು. ನಾನು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ತುತ್ತು ಅವಳ ಬಾಯಿಗೆ ಇಟ್ಟೆ. ಬೇರೆಯವರ ಮಗುವಿಗೆ ಹಾಲು ಕೊಡುತ್ತಾ ನನ್ನ ಮಗಳು ಹೊಟ್ಟೆ ತುಂಬ ಊಟ ಮಾಡಿದಳು.